ಗೆಳೆಯನಿಗೊಂದು ಪತ್ರ: ಮೆರ್ಕಡಾಂಟೆನ ಒಂದ್ಸಲ ಕೇಳು

ಪ್ರೀತಿಯ ಗೆಳೆಯಾ,

ಇಟಲಿಯ ಒಪೆರಾ (ಹಾಡಲ್ಲೇ ಕಥೆ ಹೇಳೋ ನಾಟಕ) ಸಂಗೀತಗಾರ ವರ್ಡಿ ಬಗ್ಗೆ ನೀನು ಬರೆದಿದ್ದು ಓದಿ ತುಂಬಾ ಖುಷಿಯಾಯ್ತು, ಆದ್ರೆ ರೊಸ್ಸಿನಿ, ಬೆಲ್ಲಿನಿ, ಡೊನಿಜೆಟ್ಟಿ ಆದ್ಮೇಲೆ ಸೀದಾ ವರ್ಡಿನೇ ಅಂದ್ಯಲ್ಲ, ಅದನ್ನ ಮಾತ್ರ ಒಪ್ಪೋಕಾಗಲ್ಲ ಕಣೋ. ಮಧ್ಯೆ ಸವೇರಿಯೊ ಮೆರ್ಕಡಾಂಟೆ ಅಂತ ಒಬ್ಬ ಇದಾನೆ. 1795ರಲ್ಲಿ ದಕ್ಷಿಣ ಇಟಲಿಯ ಅಲ್ತಮುರಾದಲ್ಲಿ ಹುಟ್ಟಿ, ನೇಪಲ್ಸ್‌ನಲ್ಲಿ ಕಲಿತು, ಹತ್ತಿರ ಹತ್ತಿರ 60 ಒಪೆರಾ ಬರೆದೋನು. ಫ್ಲೂಟ್ ಕಲಿಯೋರು ಇವತ್ತಿಗೂ ಅವನ ಇ ಮೈನರ್ ಕನ್ಸರ್ಟೊ (ಆರ್ಕೆಸ್ಟ್ರಾ ಜೊತೆ ಒಂದು ವಾದ್ಯ ಮುಂದಾಗಿ ನುಡಿಸೋ ರಚನೆ) ನುಡಿಸ್ತಾರೆ, ಒಪೆರಾಗಳು ಮಾತ್ರ ಸ್ಟೇಜ್ ಹತ್ತೋದೇ ಅಪರೂಪ.

ನೀನು ಮೊದ್ಲು ಕೇಳ್ಬೇಕಾಗಿರೋದು ಅವನ 'ಇಲ್ ಜುರಮೆಂಟೊ' ಒಪೆರಾ. 1837ರ ಮಾರ್ಚ್‌ನಲ್ಲಿ ಮಿಲಾನಿನ ಲಾ ಸ್ಕಾಲಾ ಥಿಯೇಟರಲ್ಲಿ ಬಂದಿದ್ದು, ಕಥೆ ವಿಕ್ಟರ್ ಹ್ಯೂಗೋನ ನಾಟಕದ್ದು (ಅದೇ ನಾಟಕದಿಂದಲೇ ಪೊಂಕಿಯೆಲ್ಲಿ ಅನ್ನೋ ಇನ್ನೊಬ್ಬ ಸಂಗೀತಗಾರ 1876ರಲ್ಲಿ 'ಲಾ ಜೋಕೊಂಡಾ' ಮಾಡಿದ್ದು). ಎಲಾಯಿಸಾ ಪ್ರೀತಿಸೋ ವಿಸ್ಕಾರ್ಡೊಗೆ ಬೇಕಾಗಿರೋದು ಬಿಯಾಂಕಾ, ಆದ್ರೆ ಹಿಂದೆ ಎಲಾಯಿಸಾಳ ತಂದೆ ಜೀವ ಉಳಿಸಿದೋಳೂ ಆ ಬಿಯಾಂಕಾನೇ, ಹಾಗಾಗಿ ಬಿಯಾಂಕಾಳ ಗಂಡ ಅವಳಿಗೆ ವಿಷ ಕೊಡಿಸೋಕೆ ಹೊರಟಾಗ ಎಲಾಯಿಸಾ ಅದರ ಬದಲು ನಿದ್ದೆ ಔಷಧಿ ಕೊಟ್ಟು ಅವಳನ್ನ ಕಾಪಾಡ್ತಾಳೆ, ವಿಸ್ಕಾರ್ಡೊ ಎಲಾಯಿಸಾನೇ ಕೊಂದಳು ಅಂದ್ಕೊಂಡು ಅವಳನ್ನ ಚುಚ್ಚಿಬಿಡ್ತಾನೆ, ಅಷ್ಟೊತ್ತಿಗೆ ಬಿಯಾಂಕಾ ಎಚ್ಚರ ಆಗ್ತಾಳೆ. ಆ ಕಾಲದಲ್ಲಿ ಇಂಥ ಜಾಗಕ್ಕೆ ನಾಯಕಿ ಗಂಟಲು ತೋರಿಸೋ ದೊಡ್ಡ ಹಾಡೊಂದು ಬಂದೇ ಬರ್ತಿತ್ತು. ಮೆರ್ಕಡಾಂಟೆ ಕೊಡಲಿಲ್ಲ. ಎಲಾಯಿಸಾ ನಾಲ್ಕು ಮಾತು ಹಾಡಿ ಸಾಯ್ತಾಳೆ, ಪರದೆ ಬೀಳುತ್ತೆ. ಆ ಧೈರ್ಯ ನಂಗೆ ತುಂಬಾ ಇಷ್ಟ.

ಇದೇನು ಆಕಸ್ಮಿಕ ಅಲ್ಲ. 1838ರಲ್ಲಿ ಗೆಳೆಯ ಫ್ಲೊರಿಮೊಗೆ ಬರೆದ ಪತ್ರದಲ್ಲಿ ಅವನೇ ಹೇಳ್ಕೊಂಡಿದಾನೆ, ಜುರಮೆಂಟೊದಲ್ಲಿ ಶುರು ಮಾಡಿದ ಕ್ರಾಂತಿನ ಮುಂದುವರಿಸ್ತಿದೀನಿ, ಸವಕಲು ಕಬಲೆಟ್ಟಾ (ಹಾಡಿನ ಕೊನೆಗೆ ಚಪ್ಪಾಳೆ ಗಿಟ್ಟಿಸೋ ಆ ಸ್ಪೀಡ್ ಭಾಗ) ತೆಗೆದೆ, ಕ್ರೆಶೆಂಡೋಗಳನ್ನ (ಮೆಲ್ಲಗೆ ಶುರುವಾಗಿ ಜೋರಾಗ್ತಾ ಹೋಗೋ ಭಾಗ) ಗಡಿಪಾರು ಮಾಡಿದೆ, ಡ್ರಮ್ ಕಮ್ಮಿ, ಬ್ರಾಸ್ ಬ್ಯಾಂಡ್ ಇನ್ನೂ ಕಮ್ಮಿ ಅಂತ. 1839ರ ಮಾರ್ಚ್‌ನಲ್ಲಿ ಲಾ ಸ್ಕಾಲಾದಲ್ಲಿ ಅವನ 'ಇಲ್ ಬ್ರಾವೊ' ಬಂತು, ನವೆಂಬರ್‌ನಲ್ಲಿ ಅದೇ ಸ್ಟೇಜಲ್ಲಿ 26ರ ಹುಡುಗ ವರ್ಡಿಯ ಮೊದಲ ಒಪೆರಾ 'ಒಬೆರ್ಟೊ'. ದಾರಿ ಯಾರು ಮಾಡ್ಕೊಟ್ಟಿದ್ದು ಅಂತ ನೀನೇ ಯೋಚ್ನೆ ಮಾಡು.

ಜನ ಮೆರ್ಕಡಾಂಟೆನ ಮರೆತಿದ್ದು ಯಾಕೆ? ಇವನ ಟ್ಯೂನ್‌ಗಳು ಡೊನಿಜೆಟ್ಟಿ ಥರ ಒಂದೇ ಸಲಕ್ಕೆ ಬಾಯಿಗೆ ಬರಲ್ಲ, ಅದು ನಿಜಾನೇ. ಜೊತೆಗೆ ಆಗ ಥಿಯೇಟರ್‌ಗಳಿಗೆ ಪ್ರತಿ ಸೀಸನ್ನಿಗೂ ಹೊಸದು ಬೇಕಿತ್ತು, ಆಮೇಲಾಮೇಲೆ ಹಳೇದನ್ನೇ ತಿರುಗಿ ಆಡ್ಸೋ ಪದ್ಧತಿ ಬಂದಾಗ ಆಯ್ಕೆಯಾಗಿದ್ದು ಕೆಲವೇ ಹೆಸರು. 'ಸಾಫೊ' ಒಪೆರಾ ಬರೆದ ಪಚಿನಿ ಕೂಡ ಹಾಗೇ ಹೋದ, ಅವನ ಬಗ್ಗೆ ಇನ್ನೊಂದ್ಸಲ ಬರೀತೀನಿ.

ಮೆರ್ಕಡಾಂಟೆಗೆ 1862ರ ಹೊತ್ತಿಗೆ ಕಣ್ಣು ಪೂರ್ತಿ ಹೋಯ್ತು. ಆದ್ರೂ ಬೇರೆಯವರ ಕೈಲಿ ಬರೆಸ್ತಾ ಸಂಗೀತ ಮಾಡ್ದ, 1870ರಲ್ಲಿ ಸಾಯೋವರೆಗೂ ನೇಪಲ್ಸ್ ಕನ್ಸರ್ವೇಟರಿಯ (ಸಂಗೀತ ಶಾಲೆ) ಮುಖ್ಯಸ್ಥನಾಗೇ ಇದ್ದ.

ಜುರಮೆಂಟೊದ, ಪ್ಲಾಸಿಡೊ ಡೊಮಿಂಗೊ ಹಾಡಿರೋ 1979ರ ವಿಯೆನ್ನಾ ಲೈವ್ ರೆಕಾರ್ಡಿಂಗ್ ಹುಡುಕು, ಲಿಬ್ರೆಟೊ (ಒಪೆರಾದ ಮಾತುಗಳ ಪುಸ್ತಕ) ಕೈಲಿಟ್ಕೊಂಡು ಮೊದಲಿಂದ ಕೇಳು, ಕೊನೆ ಸೀನಿಗೆ ಹಾರ್ಬೇಡ. ಕೇಳಿದ್ಮೇಲೆ ಬರಿ, ವರ್ಡಿ ಬಗ್ಗೆ ಜಗಳ ಆಮೇಲೆ ಆಡೋಣ.

ನಿನ್ನ ಗೆಳೆಯ