ಭಾನುವಾರದ ಮಾತುಕತೆ: ಒಲಾನಿಯಾನ್ ಮತ್ತು ಫೆಲಾ ಕುಟಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನಮ್ಮ ಮಾತುಕತೆ ವಿದ್ವಾಂಸ ತೇಜುಮೋಲಾ ಒಲಾನಿಯಾನ್ ಬಗ್ಗೆ. ನೈಜೀರಿಯಾದಲ್ಲಿ ಹುಟ್ಟಿದವರು, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು, 2019ರಲ್ಲಿ ತೀರಿಕೊಂಡರು. ನೈಜೀರಿಯಾದ ಗಾಯಕ ಫೆಲಾ ಕುಟಿಯ ಸಂಗೀತ, ರಾಜಕೀಯ ಎರಡನ್ನೂ ಒಟ್ಟಿಗಿಟ್ಟು ನೋಡಿದ ಅವರ ಪುಸ್ತಕ 2004ರದ್ದು.

ಬರೋ ಮುಂಚೆ ಫೆಲಾ ಅವರ 'ಜಾಂಬಿ' ಹಾಡು ಕೇಳಿರಿ. ಮುಂದಕ್ಕೆ ಓಡಿಸಬೇಡಿ, ಎಷ್ಟೋ ಹೊತ್ತು ವಾದ್ಯ ನುಡಿದ ಮೇಲೇ ಮಾತು ಶುರುವಾಗೋದು. ಹೇಳಿದ್ದಷ್ಟೇ ಮಾಡುವ ಸೈನಿಕರ ಅಣಕ ಅದು. ಆ ಹಾಡು ಬಂದ ಮೇಲೆ, 1977ರ ಫೆಬ್ರವರಿಯಲ್ಲಿ ಸೈನಿಕರು ಲಾಗೋಸ್‌ನ ಫೆಲಾ ಮನೆಗೆ ನುಗ್ಗಿ ಬೆಂಕಿ ಹಚ್ಚಿದರು; ಫೆಲಾ ಅವರ ತಾಯಿಯನ್ನು ಕಿಟಕಿಯಿಂದ ಎಸೆದರು. ಹೆಂಗಸರ ಬಗ್ಗೆ ಫೆಲಾ ಹಾಡಿದ್ದು ನನಗಂತೂ ಒಪ್ಪಿಗೆಯಿಲ್ಲ, ಅದನ್ನೂ ಮಾತಾಡೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಶನಿವಾರ ಲಿಂಕ್ ಹಾಕುತ್ತೇನೆ. ಆಮೇಲೆ ಗುಡ್ ಮಾರ್ನಿಂಗ್ ಫೋಟೊ ಬೇಡ ಮಾರಾಯ್ರೇ, ಲಿಂಕ್ ಮೇಲೆ ಹೋಗಿಬಿಡುತ್ತೆ.