ಹಳೆ ಹೈಬ್ರಿಡ್ ಕಾರಿಗೆ ಹಾಕುವ ಬ್ಯಾಟರಿಯೊಳಗೆ ಏನಿದೆ ಅಂತ ಬಿಲ್ಲಿನಲ್ಲಿ ಬರೆಸಿ, ಸಚಿವರೇ

ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರ ಸರ್. ಕಲಬುರಗಿಯಿಂದ ಬರೆಯುತ್ತಿದ್ದೇನೆ. ರಸ್ತೆ ಗುಂಡಿ, ಬಸ್ಸಿನ ಕೊರತೆ ಅಂತ ನಿಮಗೆ ದಿನಾ ಪತ್ರ ಬರುತ್ತಿರಬೇಕು. ಇದು ಬೇರೆ ವಿಷಯ. ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟರೂ ಎರಡೂ ಇರುವ ಹೈಬ್ರಿಡ್ ಕಾರಿನ ದೊಡ್ಡ ಬ್ಯಾಟರಿ ಕೈಕೊಟ್ಟಾಗ ಜನ ಕಂಪನಿಯದ್ದಲ್ಲದ, ಹೊರಗಿನ ಬ್ಯಾಟರಿ ಹಾಕಿಸುತ್ತಾರಲ್ಲ, ಆ ವ್ಯಾಪಾರದಲ್ಲಿ ಈಗ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಅದಕ್ಕೊಂದು ಕಟ್ಟುಪಾಡು ತನ್ನಿ ಅಂತ ಕೇಳಲು ಈ ಪತ್ರ.

ಹೈಬ್ರಿಡ್ ಕಾರಿನವರ ಗೋಳು ಶ್ರೀಮಂತರ ಗೋಳು ಅನ್ನಬೇಡಿ. ಹೊಸದರಲ್ಲಿ ಕೊಂಡವರು ಶ್ರೀಮಂತರೇ, ಒಪ್ಪಿದೆ. ಆದರೆ 2013ರಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಹೊರಬಂದ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಇವತ್ತು ಕೈಯಿಂದ ಕೈಗೆ ದಾಟಿ ನಮ್ಮಂಥವರ ಮನೆ ಮುಂದೆ ನಿಂತಿದೆ. ನನ್ನದು ಹೈದರಾಬಾದಿನಲ್ಲಿ ಕೊಂಡದ್ದು. ಅಗ್ಗಕ್ಕೆ ಸಿಕ್ಕಿತು. ಅಗ್ಗಕ್ಕೆ ಸಿಗುವುದೇ ಬ್ಯಾಟರಿಯ ಹೆದರಿಕೆಗೆ ಅನ್ನುವುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು.

ಈ ಕಾರಿಗೆ ಬೇರೆ ಕಾರುಗಳಂತೆ ಸ್ಟಾರ್ಟರ್ ಮೋಟರ್ ಇಲ್ಲ. ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವುದೂ ಹಿಂದಿನ ಸೀಟಿನ ಬೆನ್ನಿಗಿರುವ ಅದೇ ದೊಡ್ಡ ಬ್ಯಾಟರಿ. ಅದು ಸತ್ತರೆ ಟ್ಯಾಂಕಿನ ತುಂಬ ಪೆಟ್ರೋಲ್ ಇದ್ದರೂ ಕಾರು ಕದಲುವುದಿಲ್ಲ. ನಾಲ್ಕು ಜನ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ.

ಒಳಗಿರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಒಂದೊಂದು 7.2 ವೋಲ್ಟಿನ 34 ಮಾಡ್ಯೂಲ್‌ಗಳು, ಅಂದರೆ ಚಿಕ್ಕ ಚಿಕ್ಕ ಬ್ಯಾಟರಿಗಳು, ಸಾಲಾಗಿ ಜೋಡಿಸಿರುತ್ತವೆ. ಎಲ್ಲ ಸೇರಿ 244.8 ವೋಲ್ಟ್. ಮನೆಯ ಕರೆಂಟಿಗಿಂತ ಜಾಸ್ತಿ, ಅದೂ ಡಿಸಿ. ಇವು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿದ್ದಂತೆ, ಒಂದು ಕುಂಟಿದರೆ ಬಂಡಿಯೇ ನಿಂತಿತು. ಕಂಪ್ಯೂಟರ್ ಮಾಡ್ಯೂಲ್‌ಗಳ ವೋಲ್ಟೇಜನ್ನು ಸದಾ ಅಳೆಯುತ್ತಿರುತ್ತದೆ. ಒಂದು ಕಡೆ ಏರುಪೇರು ಕಂಡರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ.

ನಮ್ಮ ಊರಿನಲ್ಲಿ ಇದಕ್ಕೆ ಆಯಸ್ಸು ಕಮ್ಮಿ. ಮೇ ತಿಂಗಳಲ್ಲಿ ಇಲ್ಲಿ 43 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. ಈ ಬ್ಯಾಟರಿಗೆ ಬಿಸಿಲು ಅಂದರೆ ಆಗದು. ಕಾದರೆ ಚಾರ್ಜು ಸರಿಯಾಗಿ ಹಿಡಿಯುವುದಿಲ್ಲ, ಹಿಡಿದದ್ದೂ ಬೇಗ ಸೋರುತ್ತದೆ. ಅದನ್ನು ತಣ್ಣಗಿಡಲು ಹಿಂದೆ ಒಂದು ಫ್ಯಾನ್ ಇದೆ. ಕಾರಿನೊಳಗಿನ ಗಾಳಿಯನ್ನೇ ಎಳೆದು ಬ್ಯಾಟರಿ ಮೇಲೆ ಹಾಯಿಸುತ್ತದೆ. ಸೇಡಂ, ವಾಡಿ, ಮಳಖೇಡ ಕಡೆ ಸಿಮೆಂಟ್ ಧೂಳಿನಲ್ಲಿ ಓಡಾಡುವ ಕಾರಿನ ಆ ಫ್ಯಾನ್ ಹೇಗಿರುತ್ತದೆ ಅಂತ ನೀವೇ ಊಹಿಸಿ. ನನ್ನ ಕಾರಿನದ್ದು ಬಿಚ್ಚಿದಾಗ ರೆಕ್ಕೆ ರೆಕ್ಕೆಗೂ ಬೂದು ಹಿಟ್ಟು ಮೆತ್ತಿತ್ತು. ನಡುವೆ ಕೂದಲು, ರೊಟ್ಟಿ ಚೂರು.

ಬ್ಯಾಟರಿ ಹೋಗಿದೆ ಅಂದಾಗ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ವಿಚಾರಿಸಿದೆ. ಅವರು ಹೇಳಿದ ಬೆಲೆ ಕೇಳಿದರೆ ಕಾರನ್ನೇ ಮಾರಿಬಿಡೋಣ ಅನ್ನಿಸಿತು. ಮಾರಿದರೂ ಅಷ್ಟು ಬರುವ ನಂಬಿಕೆ ಇರಲಿಲ್ಲ. ಹಾಗಾಗಿ ಹೊರಗಿನ ಬ್ಯಾಟರಿ. ಪಕ್ಕದ ರಾಜ್ಯದ ಒಂದು ಅಂಗಡಿಯವರು "ಹೊಸ ಸೆಲ್ಲು ಸರ್, ಒಂದು ವರ್ಷ ಗ್ಯಾರಂಟಿ" ಅಂತ ಕಳಿಸಿಕೊಟ್ಟರು. ನಮ್ಮ ಮಿಸ್ತ್ರಿ ಹುಷಾರಿನ ಮನುಷ್ಯ. ಕೂರಿಸುವ ಮುಂಚೆ ಮುಚ್ಚಳ ತೆಗೆದು, "ಸರ್, ಇಲ್ಲಿ ಬನ್ನಿ" ಅಂದ. ಕೆಲವು ಮಾಡ್ಯೂಲ್‌ಗಳ ಮೈ ಉಬ್ಬಿತ್ತು. ಸೀರಿಯಲ್ ನಂಬರುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಎರಡರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಯಾರೋ ಬರೆದು ಅಳಿಸಿದ ಗುರುತು. ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿ ಮಾತ್ರ ಉಜ್ಜಿ ಫಳಫಳ ಮಾಡಿದ್ದರು. ಅಂದರೆ ಯಾವ್ಯಾವುದೋ ಕಾರುಗಳ ಹಳೆ ಬ್ಯಾಟರಿಯಿಂದ ಆರಿಸಿ ಕಟ್ಟಿದ ಮಾಲು. ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: "ಹೈಬ್ರಿಡ್ ಬ್ಯಾಟರಿ, 1".

ಹಳೆ ಮಾಡ್ಯೂಲ್ ಸೇರಿಸಿ ಕಟ್ಟುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಒಂದೊಂದನ್ನೂ ಚಾರ್ಜು ಮಾಡಿ, ಖಾಲಿ ಮಾಡಿ, ಎಷ್ಟು ಹಿಡಿಯುತ್ತದೆ ಅಂತ ಅಳೆದು, ಸರಿಸಮ ಇರುವುದನ್ನೇ ಜೋಡಿಸಿದರೆ ಅದು ಓಡುತ್ತದೆ. ಹೊಸದಾಗಿದ್ದಾಗ ಒಂದು ಮಾಡ್ಯೂಲ್ ಹಿಡಿಯುವ ಚಾರ್ಜು 6.5 ಆಂಪಿಯರ್ ಅವರ್. ಈಗ 4 ಇದ್ದರೆ 4 ಅಂತ ಹೇಳಲಿ, ಬೆಲೆಯೂ ಅದಕ್ಕೆ ತಕ್ಕಂತೆ ಇರಲಿ. ಕೊಳ್ಳುವವನು ನೋಡಿಕೊಳ್ಳುತ್ತಾನೆ. ಹಳೆಯದನ್ನು ಹೊಸದು ಅಂತ ಮಾರುವುದು ಮಾತ್ರ ಬೇರೆ ಮಾತು.

ಈಗ ನನ್ನ ಬೇಡಿಕೆ. ಹೊರಗಿನ ಹೈಬ್ರಿಡ್ ಬ್ಯಾಟರಿ ಮಾರುವವರು, ಕೂರಿಸುವವರು ಬಿಲ್ಲಿನ ಜೊತೆ ಒಂದು ಚೀಟಿ ಕೊಡಲೇಬೇಕು ಅಂತ ಮಾಡಿ. ಸೆಲ್ ಹೊಸದೋ ಹಳೆಯದೋ, ತಯಾರಾದ ವರ್ಷ ಯಾವುದು, ನಿಕಲ್ಲೋ ಲಿಥಿಯಮ್ಮೋ, ಪ್ರತಿ ಮಾಡ್ಯೂಲ್ ಅಳೆದಾಗ ಎಷ್ಟು ಬಂತು, ಕೂರಿಸಿದವರು ಯಾರು. ಇಷ್ಟೇ. ಕಿರಾಣಿ ಅಂಗಡಿಯ ಬಿಸ್ಕತ್ ಪೊಟ್ಟಣದ ಮೇಲೆ ಇದಕ್ಕಿಂತ ಜಾಸ್ತಿ ಬರೆದಿರುತ್ತಾರೆ.

ಇದು ಕೇಂದ್ರದ ವಿಷಯ ಅಂತ ದಯವಿಟ್ಟು ತಳ್ಳಿಹಾಕಬೇಡಿ. ಕೇಂದ್ರದವರು 2022ರಲ್ಲೇ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮ ತಂದಿದ್ದಾರೆ. ಹೈಬ್ರಿಡ್ ಕಾರಿನ ಬ್ಯಾಟರಿಯೂ ಅದರೊಳಗೆ ಬರುತ್ತದೆ. ಹಳೆ ಬ್ಯಾಟರಿ ರಿಪೇರಿ ಮಾಡಿ ಮಾರುವವರು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಮಂಡಳಿ ನಿಮ್ಮ ಸರ್ಕಾರದ್ದೇ ಅಲ್ವಾ? ನೋಂದಣಿ ನಂಬರ್ ಬಿಲ್ಲಿನ ಮೇಲೆ ಹಾಕಿ ಅನ್ನಲು ದಿಲ್ಲಿಗೆ ಹೋಗಬೇಕಾಗಿಲ್ಲ.

ಇನ್ನೊಂದು ನೇರವಾಗಿ ನಿಮ್ಮ ಇಲಾಖೆಗೇ ಸಂಬಂಧಿಸಿದ್ದು. ನಿಕಲ್ ತೆಗೆದು ಲಿಥಿಯಂ ಬ್ಯಾಟರಿ ಕೂರಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವ ಮಾರ್ಪಾಡು ಅಂತ ಆಗುತ್ತದೋ ಇಲ್ಲವೋ ಅಂತ ಸುತ್ತೋಲೆಯಲ್ಲಿ ಸ್ಪಷ್ಟ ಮಾಡಿ. ಇಲ್ಲದಿದ್ದರೆ ನಾಳೆ ಅಪಘಾತವೋ ಬೆಂಕಿಯೋ ಆದಾಗ ವಿಮೆಯವರು ಒಂದು ಹೇಳುತ್ತಾರೆ, ಆರ್‌ಟಿಒ ಕಚೇರಿಯವರು ಇನ್ನೊಂದು ಹೇಳುತ್ತಾರೆ. ನಡುವೆ ಸಿಕ್ಕಿಬೀಳುವವನು ಮಾಲೀಕ.

ಮಿಸ್ತ್ರಿಗಳ ಬಗ್ಗೆಯೂ ಎರಡು ಮಾತು. ಈ ಬ್ಯಾಟರಿ ಮುಟ್ಟುವ ಮುಂಚೆ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ಕಿತ್ತು, ಹತ್ತು ನಿಮಿಷವಾದರೂ ಕಾಯಬೇಕು. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಒಗ್ಗಿಸಿಕೊಡುವ ಇನ್ವರ್ಟರ್‌ನ ಕೆಪಾಸಿಟರ್‌ಗಳಲ್ಲಿ ಅಲ್ಲಿಯವರೆಗೂ ಕರೆಂಟು ಉಳಿದಿರುತ್ತದೆ. ಸಾವಿರ ವೋಲ್ಟ್ ತಡೆಯುವ ಕೈಗವಸು ಬೇಕು. ನಮ್ಮ ಗ್ಯಾರೇಜುಗಳ ಹುಡುಗರಿಗೆ ಕೈ ಚಳಕಕ್ಕೇನೂ ಬರವಿಲ್ಲ, ಕಲಿಸುವವರು ಇಲ್ಲ ಅಷ್ಟೇ. ಇಲ್ಲೇ ಐಟಿಐ ಇದೆ, ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, ದುಡ್ಡು ಕೊಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕೆಲವು ದಿನಗಳ ತರಬೇತಿ, ಒಂದು ಸರ್ಟಿಫಿಕೇಟು. ಕಷ್ಟವೇನಿದೆ?

ಅವಸರ ಯಾಕೆ ಅಂತ ಕೇಳಬಹುದು. 2013ರ ಕಾರುಗಳು 2028ಕ್ಕೆ ಹದಿನೈದು ವರ್ಷ ಮುಗಿಸಿ ಆರ್‌ಸಿ ನವೀಕರಣಕ್ಕೆ ನಿಮ್ಮ ಕಚೇರಿಗೇ ಬರುತ್ತವೆ. ಅದಾದ ಮೇಲೆ ನಿಜವಾದ ನೂಕುನುಗ್ಗಲು. 2022ರಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ ಅಂತ ಮಧ್ಯಮ ವರ್ಗದ ಹೈಬ್ರಿಡ್‌ಗಳು ಬಂದವು. ಅವುಗಳ ಬ್ಯಾಟರಿ ವಾರಂಟಿ ಎಂಟು ವರ್ಷ, ಇಲ್ಲವೇ 1,60,000 ಕಿಲೋಮೀಟರ್. 2030ರಿಂದ ಒಂದೊಂದಾಗಿ ವಾರಂಟಿ ಮುಗಿಯುತ್ತದೆ. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಹೊಸ ಗಾಡಿಗೆ ನೀತಿ ತಂದವರು ಹಳೆ ಗಾಡಿಯನ್ನೂ ಒಮ್ಮೆ ನೋಡಿ.

ನನಗೆ ಬೇರೆಯಾಗಿ ಉತ್ತರ ಬರೆಯಬೇಕಾಗಿಲ್ಲ ಸರ್. ಸುತ್ತೋಲೆ ಹೊರಡಿಸಿ, ಕಲಬುರಗಿ, ಬೀದರ್, ಯಾದಗಿರಿ ಆರ್‌ಟಿಒ ಕಚೇರಿಗಳ ನೋಟಿಸ್ ಬೋರ್ಡಿಗೆ ಕನ್ನಡದಲ್ಲಿ ಹಚ್ಚಿಸಿ. ನಾವೇ ಹೋಗಿ ಓದಿಕೊಳ್ಳುತ್ತೇವೆ.

ಇಂತಿ,
ಕೆಎ 32 ಕಾರಿನ ಒಬ್ಬ ಮಾಲೀಕ, ಕಲಬುರಗಿ