ಟರ್ಮಿನಲ್ ಚೆಂದ ಇದ್ದರೆ ಸಾಲದು, ಬಜ್ಪೆಯ ಗುಡ್ಡ ಎಲ್ಲಿ?

ಮಾನ್ಯ ಸಂಪಾದಕರೇ,

ಮನೆಯ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಹವ್ಯಾಸದ ಬಗ್ಗೆ ಕನ್ನಡ ಪತ್ರಿಕೆಗಳು ಆಗೊಮ್ಮೆ ಈಗೊಮ್ಮೆ ಬರೆಯುತ್ತವೆ. ಸಂತೋಷ. ಆದರೆ ಬರೆದಾಗಲೆಲ್ಲ ಟರ್ಮಿನಲ್ ಕಟ್ಟಡದ ಎರಡು ಚಿತ್ರ ಹಾಕಿ, "ಥೇಟ್ ನಿಜದ ಹಾಗೇ ಇದೆ" ಅಂತ ಮುಗಿಸಿಬಿಡುತ್ತಾರೆ. ಅದು ಸಾಲದು ಅನ್ನುವುದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಈ ಲೋಕದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಹೊಸ ಆವೃತ್ತಿ 2020ರ ಆಗಸ್ಟ್‌ನಲ್ಲಿ ಬಂತು, ಅದರ ಮುಂದಿನದು 2024ರ ನವೆಂಬರ್‌ನಲ್ಲಿ. ಅದರಲ್ಲಿ ಇಡೀ ಭೂಮಿಯೇ ಇದೆ. ಆದರೆ ದೊಡ್ಡ ಊರುಗಳ ಕೆಲವು ನಿಲ್ದಾಣಗಳನ್ನು ಮಾತ್ರ ಕೂತು ಮಾಡಿದ್ದಾರೆ. ಉಳಿದವೆಲ್ಲ ಉಪಗ್ರಹ ಚಿತ್ರ ನೋಡಿ ಕಂಪ್ಯೂಟರ್ ಊಹಿಸಿ ಕಟ್ಟಿದವು. ಹಾಗಾಗಿ ಸಣ್ಣ ಊರುಗಳ ನಿಲ್ದಾಣಗಳನ್ನು ಬೇರೆಯವರು ಪ್ರತ್ಯೇಕವಾಗಿ ಮಾಡಿ ಮಾರುತ್ತಾರೆ. ಇದಕ್ಕೆ ಸೀನರಿ ಆಡ್‌-ಆನ್ ಅನ್ನುತ್ತಾರೆ. ಅಂಥದ್ದೇ ಒಂದು ಮಂಗಳೂರು ನಿಲ್ದಾಣವನ್ನು, ಅಂದರೆ ನಮ್ಮ ಬಜ್ಪೆಯದ್ದನ್ನು, ದುಡ್ಡು ಕೊಟ್ಟು ತಗೊಂಡೆ. ಮಾಡಿದವರ ಹೆಸರು ಹೇಳುವುದಿಲ್ಲ. ಯಾಕೆಂದರೆ ಈ ದೋಷ ಅವರೊಬ್ಬರದೇ ಅಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಿಲ್ದಾಣದ ಕೆಂಜಾರು ಬದಿಯ ಟರ್ಮಿನಲ್ಲನ್ನು ತುಂಬಾ ಶ್ರದ್ಧೆಯಿಂದ ಮಾಡಿದ್ದಾರೆ. ಗಾಜಿನ ಮೇಲೆ ಸಂಜೆಯ ಬೆಳಕು ಬೀಳುವುದು, ಒಳಗಿನ ಕುರ್ಚಿಗಳ ಸಾಲು, ಏರೋಬ್ರಿಡ್ಜ್ ಬಂದು ವಿಮಾನಕ್ಕೆ ಸೇರಿಕೊಳ್ಳುವುದು, ಎಲ್ಲವೂ ಇದೆ. ಸಾಧಾರಣ ಕಂಪ್ಯೂಟರ್‌ನಲ್ಲೂ ಚಿತ್ರ ತಡವರಿಸುವುದಿಲ್ಲ. ಸುತ್ತಲಿನ ಮನೆಗಳಿಗೆ ಹೆಂಚಿನ ಮಾಡು ಕೊಟ್ಟಿದ್ದಾರೆ. ಮಂಗಳೂರು ಹೆಂಚು ಹುಟ್ಟಿದ ಊರಿನಲ್ಲಿ ಸಿಮ್ಯುಲೇಟರ್ ಊಹಿಸಿ ಕಟ್ಟಿದ ಯುರೋಪಿನ ಚೌಕ ಮನೆಗಳನ್ನು ನೋಡಿ ಬೇಸತ್ತವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಗುಡ್ಡವೇ ಇಲ್ಲ!

ಮಂಗಳೂರಿನದು ಟೇಬಲ್‌ಟಾಪ್ ರನ್‌ವೇ. ಗುಡ್ಡದ ನೆತ್ತಿಯನ್ನು ಸಮ ಮಾಡಿ, ತಗ್ಗನ್ನು ತುಂಬಿಸಿ ಮಾಡಿದ್ದು. ಸಮುದ್ರ ಮಟ್ಟದಿಂದ ಸುಮಾರು ನೂರು ಮೀಟರ್ ಮೇಲಿದೆ. ದೊಡ್ಡ ರನ್‌ವೇ 2,450 ಮೀಟರ್ ಉದ್ದ. ಒಂದು ಕಡೆಯಿಂದ ಇಳಿದರೆ ಅದರ ಹೆಸರು 24, ಇನ್ನೊಂದು ಕಡೆಯಿಂದ 06. ಅದರ ತುದಿ ದಾಟಿದರೆ ನೆಲ ಕೆಳಗೆ ಜಾರುತ್ತದೆ. ಆ ಕೆಂಪು ಮುರಕಲ್ಲಿನ ಇಳಿಜಾರು, ಕೆಳಗಿನ ತೋಟ, ಕಣಿವೆ, ಬಜ್ಪೆ ಅಂದರೆ ಅದೇ. ನಾನು ತಗೊಂಡ ಸೀನರಿಯಲ್ಲಿ ರನ್‌ವೇ ಮುಗಿದ ಮೇಲೆ ಹಸಿರು ಬಯಲು. ವಿಮಾನವನ್ನು ಅಲ್ಲಿಗೆ ಓಡಿಸಿದರೆ ಆರಾಮಾಗಿ ಉರುಳಿಕೊಂಡು ಹೋಗಿ ಹುಲ್ಲಿನ ಮೇಲೆ ನಿಲ್ಲುತ್ತದೆ.

ಇದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಬೋಯಿಂಗ್ 737 ಇದೇ 24ರಲ್ಲಿ ಇಳಿಯಿತು. ಬರುವಾಗಲೇ ಇರಬೇಕಾದ್ದಕ್ಕಿಂತ ಜಾಸ್ತಿ ಎತ್ತರದಲ್ಲಿತ್ತು, ರನ್‌ವೇಯ ಅರ್ಧಕ್ಕಿಂತ ಹೆಚ್ಚು ದೂರ ದಾಟಿದ ಮೇಲೆ ಚಕ್ರ ನೆಲಕ್ಕೆ ತಾಗಿತು, ನಿಲ್ಲಿಸಲು ಜಾಗ ಸಾಲದೆ ತುದಿ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟು ಮಂದಿ. ಕರಾವಳಿಯಲ್ಲಿ ಆ ದಿನ ಮರೆತವರು ಯಾರೂ ಇಲ್ಲ. ಅಂಥ ಜಾಗದಲ್ಲಿ ತುದಿ ದಾಟಿದರೂ ಏನೂ ಆಗುವುದಿಲ್ಲ ಅನ್ನುವಂತೆ ನೆಲ ಮಾಡಿಟ್ಟರೆ, ಅದು ಮಂಗಳೂರು ಹೇಗಾಗುತ್ತದೆ? ದುರಂತವನ್ನು ಆಟದಲ್ಲಿ ತೋರಿಸಿ ಅಂತ ನಾನು ಹೇಳುತ್ತಿಲ್ಲ, ಅದು ಬೇಡವೇ ಬೇಡ. ಇರುವ ನೆಲವನ್ನು ಇರುವ ಹಾಗೆ ಮಾಡಿ, ಅಷ್ಟೇ.

ಈ ತಪ್ಪು ಯಾಕೆ ಆಗುತ್ತದೆ ಅನ್ನುವುದು ತಿಳಿದರೆ ಕೊಳ್ಳುವವರಿಗೆ ಅನುಕೂಲ. ಅನೇಕ ಸಿಮ್ಯುಲೇಟರ್‌ಗಳ, ಸೀನರಿಗಳ ನೆಲದ ಎತ್ತರ 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಲೆಕ್ಕದಿಂದ ಬಂದಿದೆ. ಅದರಲ್ಲಿ ಸುಮಾರು ಮೂವತ್ತು ಮೀಟರಿಗೆ ಒಂದು ಅಳತೆ. ನಮ್ಮ ದೊಡ್ಡ ರನ್‌ವೇ ಬಳಕೆಗೆ ಬಂದದ್ದೇ 2006ರಲ್ಲಿ. ಹಾಗಾಗಿ ಆ ಲೆಕ್ಕದಲ್ಲಿ ಈಗಿನ ನೆಲದ ರೂಪ ಸರಿಯಾಗಿ ಸಿಗುವುದಿಲ್ಲ. ರನ್‌ವೇಯನ್ನು ಅದರ ಮೇಲೆ ಹಾಗೇ ಹಾಸಿದರೆ ಡೊಂಕು ಡೊಂಕಾಗಿ ಕಾಣುತ್ತದೆ. ಸೀನರಿ ಮಾಡುವವರು ಆಗ ಏನು ಮಾಡುತ್ತಾರೆಂದರೆ, ನಿಲ್ದಾಣದ ಸುತ್ತ ಒಂದು ಗೆರೆ ಎಳೆದು, ಅದರೊಳಗಿನ ನೆಲಕ್ಕೆಲ್ಲ ಒಂದೇ ಎತ್ತರ ಕೊಟ್ಟುಬಿಡುತ್ತಾರೆ. ಎಕ್ಸ್‌-ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ಇದಕ್ಕೆ ಒಂದು ಟಿಕ್ ಹಾಕಿದರೆ ಸಾಕು. ಆ ಗೆರೆ ರನ್‌ವೇಯ ಅಂಚಿಗೆ ಅಂಟಿಕೊಂಡಿದ್ದರೆ ತೊಂದರೆ ಇಲ್ಲ. ಸುಮ್ನೆ ದೂರಕ್ಕೆ ಎಳೆದರೆ ಇಳಿಜಾರೇ ಮುಚ್ಚಿಹೋಗುತ್ತದೆ. ಒಂದು ದಿನ ಜಾಸ್ತಿ ಕೂತರೆ ಸರಿಯಾಗುವ ಕೆಲಸ ಇದು. ಒಳಗಿನ ಕುರ್ಚಿಗಳಿಗೆ ಕೊಟ್ಟ ಸಮಯದಲ್ಲಿ ಒಂದು ಪಾಲು ಗುಡ್ಡಕ್ಕೆ ಕೊಡಬಹುದಿತ್ತು ಅಲ್ವಾ?

ಇದು ಬರೀ ನೋಟದ ವಿಷಯವೂ ಅಲ್ಲ. 737ರಂಥ ವಿಮಾನದಲ್ಲಿ ರೇಡಿಯೋ ಆಲ್ಟಿಮೀಟರ್ ಇರುತ್ತದೆ. ಅದು ಸಮುದ್ರ ಮಟ್ಟದಿಂದ ಅಳೆಯುವುದಿಲ್ಲ, ಸರಿಯಾಗಿ ಹೊಟ್ಟೆಯ ಕೆಳಗಿರುವ ನೆಲದಿಂದ ಅಳೆಯುತ್ತದೆ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವಾಗ ಚಕ್ರ ತಾಗುವ ಜಾಗಕ್ಕೆ ಒಂದು ನಾಟಿಕಲ್ ಮೈಲಿ ಇರುವಾಗ ರನ್‌ವೇಗಿಂತ ಸುಮಾರು 300 ಅಡಿ ಮೇಲಿರುತ್ತೇವೆ. ಆಗ ಕೆಳಗೆ 200 ಅಡಿ ತಗ್ಗಿದ್ದರೆ ಆ ಮಾಪಕ 500 ತೋರಿಸುತ್ತದೆ. ಗುಡ್ಡದ ಅಂಚು ಬಂದ ಕೂಡಲೇ ಸಂಖ್ಯೆ ಸರ್‍ರಂತ ಇಳಿಯುತ್ತದೆ, ವಿಮಾನ ಎತ್ತರ ಕೂಗಿ ಹೇಳುವ ದನಿಯೂ ಒಂದರ ಹಿಂದೆ ಒಂದು ಬೇಗ ಬೇಗ ಬರುತ್ತದೆ. ಸಪಾಟು ಮಾಡಿದ ಸೀನರಿಯಲ್ಲಿ ಇದು ಯಾವುದೂ ಇಲ್ಲ. ಸಂಖ್ಯೆ ಒಂದೇ ಹದದಲ್ಲಿ ಇಳಿಯುತ್ತಾ ಬರುತ್ತದೆ, ಬಯಲುಸೀಮೆಯ ಯಾವ ನಿಲ್ದಾಣದಲ್ಲಾದರೂ ಇಳಿದ ಹಾಗೆ. ಟೇಬಲ್‌ಟಾಪ್ ಸೀನರಿಯನ್ನು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಕೋಯಿಕ್ಕೋಡ್, ಮಿಜೋರಾಂನ ಲೆಂಗ್‌ಪುಯಿ, ಸಿಕ್ಕಿಂನ ಪಾಕ್ಯೋಂಗ್, ಎಲ್ಲಕ್ಕೂ ಇದೇ ಪರೀಕ್ಷೆ ನಡೆಯುತ್ತದೆ.

ಇನ್ನೊಂದು ಸುಲಭದ ಗುರುತು ರನ್‌ವೇಯ ಬಣ್ಣ. ನಮ್ಮ ದೊಡ್ಡ ರನ್‌ವೇ ಮೊದಲು ಕಾಂಕ್ರೀಟಿನದು, ಬೂದು ಬಣ್ಣ. 2023ರಲ್ಲಿ ಅದರ ಮೇಲೆ ಡಾಂಬರು ಹಾಕಿದರು, ಈಗ ಕಪ್ಪು. ಆ ಕೆಲಸಕ್ಕಾಗಿ ತಿಂಗಳುಗಟ್ಟಲೆ ಹಗಲು ವಿಮಾನಗಳನ್ನು ನಿಲ್ಲಿಸಿದ್ದು ನಮ್ಮ ಕಡೆಯ ಓದುಗರಿಗೆ ನೆನಪಿರಬಹುದು. ಹೊಸ ಸೀನರಿ ಅಂತ ಮಾರುವುದರಲ್ಲಿ ರನ್‌ವೇ ಬೆಳ್ಳಗೆ ಕಂಡರೆ, ಚಿತ್ರ ಹಳೆಯದು ಅಂತ ತಿಳಿಯಿರಿ. ಚಿತ್ರ ಹಳೆಯದಾದರೆ ಟ್ಯಾಕ್ಸಿವೇ (ವಿಮಾನ ರನ್‌ವೇಗೆ ಹೋಗಿಬರುವ ದಾರಿ), ವಿಮಾನ ನಿಲ್ಲಿಸುವ ಜಾಗ ಇವೆಲ್ಲವೂ ಹಳೆಯದೇ ಇರುವ ಸಾಧ್ಯತೆ ಜಾಸ್ತಿ. ತಾಳೆ ನೋಡಲು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದವರ ಜಾಲತಾಣದಲ್ಲಿ ನಿಲ್ದಾಣಗಳ ನಕಾಶೆಗಳಿವೆ, ಯಾರು ಬೇಕಾದರೂ ನೋಡಬಹುದು, ದುಡ್ಡೂ ಕೊಡಬೇಕಾಗಿಲ್ಲ. ಜಗತ್ತಿನಾದ್ಯಂತ ಇಂಥ ಮಾಹಿತಿ 28 ದಿನಕ್ಕೊಮ್ಮೆ ಹೊಸದಾಗುವ ಪದ್ಧತಿ ಇದೆ. ಸೀನರಿಯನ್ನು ಅಷ್ಟು ಸಲ ಬದಲಿಸಿ ಅಂತ ಕೇಳುವುದು ನ್ಯಾಯ ಅಲ್ಲ. ಆದರೆ ಯಾವ ವರ್ಷದ ಚಿತ್ರ, ಯಾವ ತಿಂಗಳ ನಕಾಶೆ ಇಟ್ಟುಕೊಂಡು ಮಾಡಿದ್ದು ಅಂತ ಮಾರುವ ಪುಟದಲ್ಲಿ ಒಂದು ಸಾಲು ಹಾಕಲು ಏನು ಕಷ್ಟ?

ಹಳೆಯ ರನ್‌ವೇಯ ವಿಷಯವನ್ನೂ ಹೇಳಬೇಕು. ಸುಮಾರು 1,600 ಮೀಟರ್ ಉದ್ದದ ಅದು ದೊಡ್ಡ ವಿಮಾನಗಳಿಗೆ ಸಾಲದು ಅಂತಲೇ ಹೊಸದನ್ನು ಮಾಡಿದ್ದು. ನಾನು ತಗೊಂಡ ಸೀನರಿಯಲ್ಲಿ ಅದನ್ನು ಮಾಸಿದ ಪಟ್ಟಿಯಂತೆ ಬರೆದು ಬಿಟ್ಟಿದ್ದಾರೆ. ಸಂಖ್ಯೆಯಿಲ್ಲ, ದೀಪವಿಲ್ಲ. ಬಜ್ಪೆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು, ಆ ದಿನ ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3ರಲ್ಲಿ ಬಂದಿಳಿದರು. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನ ನಲವತ್ತನೇ ವರ್ಷಕ್ಕೆ, 2022ರಲ್ಲಿ, ಡಿಸಿ-3 ವಿಮಾನವನ್ನೂ ಸೇರಿಸಿದ್ದಾರೆ. ಅಂದರೆ ಹಳೆಯ ರನ್‌ವೇ ಒಂದು ಸರಿಯಾಗಿದ್ದರೆ, ಮನೆಯಲ್ಲಿ ಕೂತೇ ಅಂಥದೇ ವಿಮಾನವನ್ನು ಗುರುಪುರ ಹೊಳೆಯ ಮೇಲಿಂದ ತಂದು ಅಲ್ಲಿ ಇಳಿಸಬಹುದು! ಊರಿನ ಇತಿಹಾಸವನ್ನು ಮಕ್ಕಳಿಗೆ ತೋರಿಸಲು ಎಷ್ಟು ಒಳ್ಳೆಯ ಅವಕಾಶ. ಅದನ್ನು ಬಿಟ್ಟದ್ದು ನನಗಂತೂ ಬೇಜಾರು.

ಮರಗಿಡ, ಶಬ್ದ, ಪಣಂಬೂರು ಬಂದರಿನ ಹಡಗುಗಳು, ಇವೆಲ್ಲ ಪರವಾಗಿಲ್ಲ ಅನ್ನಬಹುದು.

ಮನೆಯ ಸಿಮ್ಯುಲೇಟರ್‌ನಲ್ಲಿ ಹಾರಿಸಿದ ಗಂಟೆಗಳು ಪೈಲಟ್ ಲೈಸೆನ್ಸ್‌ಗೆ ಲೆಕ್ಕಕ್ಕೆ ಬರುವುದಿಲ್ಲ, ಮತ್ಯಾಕೆ ಇಷ್ಟು ತಲೆಕೆಡಿಸಿಕೊಳ್ಳುತ್ತೀರಿ ಅಂತ ಕೆಲವರು ಕೇಳುತ್ತಾರೆ. ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ಪೈಲಟ್ ಆಗಬೇಕು ಅನ್ನುವ ಹುಡುಗ ಹುಡುಗಿಯರು ಮೊದಲು ವಿಮಾನ ಇಳಿಸುವುದು ತಮ್ಮ ಊರಿನಲ್ಲೇ. ಮಂಗಳೂರಿನಲ್ಲಿ ಮಳೆಗಾಲಕ್ಕೆ ಇಳಿಯುವಾಗ ಯಾಕೆ ಅಷ್ಟು ಎಚ್ಚರ ಬೇಕು, ಎತ್ತರ ಹೆಚ್ಚಾದರೆ ಯಾಕೆ ಹಠ ಮಾಡದೆ ಮತ್ತೆ ಮೇಲೆ ಹೋಗಬೇಕು ಅನ್ನುವುದು ಆ ನೆಲ ನೋಡಿದರೆ ತಾನಾಗಿ ಅರ್ಥವಾಗುತ್ತದೆ. ಬಯಲು ನೋಡಿದರೆ ಆಗುವುದಿಲ್ಲ.

ನಮ್ಮ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಒಂದು ಮಾತು. ಎಕ್ಸ್‌-ಪ್ಲೇನ್‌ಗೆ ನಿಲ್ದಾಣ ಬರೆಯುವ ತಂತ್ರಾಂಶ ಉಚಿತ. ಬರೆದು ಕಳಿಸಿದ್ದು ಒಪ್ಪಿಗೆಯಾದರೆ ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಗುಡ್ಡವನ್ನು ಹೊಸದಾಗಿ ಮಾಡಿ ಅದರಲ್ಲಿ ಕಳಿಸಲು ಬರುವುದಿಲ್ಲ, ಆದರೆ ರನ್‌ವೇ, ಟ್ಯಾಕ್ಸಿವೇ, ಗುರುತುಗಳನ್ನೆಲ್ಲ ಸರಿ ಮಾಡಬಹುದು. ಮಂಗಳೂರು ಮಾತ್ರ ಅಲ್ಲ. ಶಿವಮೊಗ್ಗ ನಿಲ್ದಾಣ ಶುರುವಾದದ್ದೇ 2023ರಲ್ಲಿ, ಕಲಬುರಗಿ 2019ರ ಕೊನೆಗೆ. ಇವನ್ನು ನೋಡಿ ಬಲ್ಲವರು ಬರೆದರೆ ಎಲ್ಲೋ ದೂರದಲ್ಲಿ ಕೂತವರು ಊಹಿಸಿ ಬರೆದದ್ದಕ್ಕಿಂತ ಖಂಡಿತ ಚೆನ್ನಾಗಿರುತ್ತದೆ.

ನಿಮ್ಮ ತಂತ್ರಜ್ಞಾನ ಪುಟದವರಿಗೆ ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಇಂಥ ಸೀನರಿಯ ವಿಮರ್ಶೆ ಹಾಕುವಾಗ ಟರ್ಮಿನಲ್ ಚಿತ್ರದ ಪಕ್ಕದಲ್ಲಿ ರನ್‌ವೇಯ ಎರಡೂ ತುದಿಗಳ ಚಿತ್ರ ಹಾಕಿ, ಯಾವ ವರ್ಷದ ಮಾಹಿತಿ ಅನ್ನುವುದನ್ನು ಮಾರುವವರಿಂದ ಕೇಳಿ ಬರೆಯಿರಿ. ಉತ್ತರ ಕೊಡದಿದ್ದರೆ, ಕೊಡಲಿಲ್ಲ ಅಂತಲೂ ಬರೆಯಿರಿ.

ಇಂತಿ,
ಸುರತ್ಕಲ್‌ನ ಒಬ್ಬ ಓದುಗ